ಇವತ್ತು ನಾನು ಗಾಡಿ ಓಡಿಸಲ್ಲ

"ಕೇಕ್ ಆಯಿತು, ಕಾಫಿ ಆಯಿತು, ಬಾಗಿಲಿಗೆ ಬರ್ಚ್ ಟೊಂಗೆಯೂ ಕಟ್ಟಿಯಾಯಿತು. ನಿನ್ನ ಕೆಲಸ ಒಂದೇ ಬಾಕಿ" ಎಂದೆ ನನ್ನ ಗಂಡ ಅಹ್ತಿಗೆ. ಅವನು ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ಅತಿಥಿಗಳು ಬರೋದಕ್ಕೆ ಮುಂಚೆ ಹೇಳ್ತೀನಿ ಸಿರ್ಕ್ಕು."

"ನಿನ್ನೆ ಸೌನಾದ ಹಬೆಯಲ್ಲಿ ಕೂತಾಗ ಹೇಳ್ತೀನಿ ಅಂದಿದ್ದೆ."

"ಸೌನಾದಲ್ಲಿ ಇಂಥದ್ದೆಲ್ಲ ಮಾತಾಡ್ತಾರೇನೇ?"

ಮಗಳು ಹೆಲ್ಕಾಳಿಗೆ ಅವತ್ತು ಶಾಲೆಯಲ್ಲಿ, ಓದು ಮುಗಿಸಿದ ಗುರುತಿಗೆ, ಬಿಳಿ ಟೋಪಿ ತೊಡಿಸಿದ್ದರು. ಶರತ್ಕಾಲಕ್ಕೆ ಕುವೊಪಿಯೊದ ವಿಶ್ವವಿದ್ಯಾಲಯಕ್ಕೆ ಹೊರಡುವವಳು. ಹೊಸ ವಿದ್ಯಾರ್ಥಿಗಳ ಮೊದಲ ವಾರಗಳು ಓದಿಗಿಂತ ಹೆಚ್ಚಾಗಿ ಕುಡಿತದಲ್ಲೇ ಕಳೆಯುತ್ತವೆ ಎಂಬುದು ನಮ್ಮ ಫಿನ್ನರಲ್ಲಿ ಯಾರಿಗೆ ಗೊತ್ತಿಲ್ಲ? ಅದಕ್ಕೂ ಮುಂಚೆ, ಇವತ್ತೇ, ನಮ್ಮ ಅಂಗಳದಲ್ಲೇ, ಅವಳ ಕೈಗೆ ಮೊದಲ ಗ್ಲಾಸ್ ವೈನ್ ಬರಲಿತ್ತು.

ಅಹ್ತಿ ಮರದ ದಿಮ್ಮಿಯ ಲಾರಿ ಓಡಿಸುವವನು. ಇರುವೆ ಸಾಲು ಕಂಡರೂ ತುಳಿಯದೆ ದಾಟಿ ಹೋಗುವ ಸ್ವಭಾವ. ಆದರೆ ಹೆಲ್ಕಾ ಇನ್ನೂ ಚಿಕ್ಕವಳಿದ್ದಾಗ ನಡುಬೇಸಿಗೆಯ ಒಂದು ಯುಹಾನ್ನುಸ್ ಹಬ್ಬದಲ್ಲಿ, ಸುಟ್ಟ ಸಾಸೇಜಿನ ಬಗ್ಗೆ ತನ್ನ ತಮ್ಮ ವೇಯೊ ಏನೋ ತಮಾಷೆ ಮಾಡಿದನೆಂದು, ಕೊಡಲಿ ತಂದು ಅವನ ದೋಣಿಯನ್ನು ಸೌದೆ ಮಾಡಿಬಿಟ್ಟ. ಅಹ್ತಿಯ ಹೊಟ್ಟೆಗೆ ಹೋಗಿದ್ದದ್ದು ಮೂರೇ ಬಾಟಲಿ ಬಿಯರ್. ಇವರ ಅಪ್ಪ ಕುಡಿದ ಅಮಲಿನಲ್ಲಿ ಒಬ್ಬನಿಗೆ ಹೊಡೆದು ಜೈಲು ಕಂಡವರು. "ಆ ಮನೆತನದ ರಕ್ತವೇ ಸರಿಯಿಲ್ಲ" ಎಂದಿತ್ತು ಊರು. ಅಹ್ತಿಯೂ ಅದನ್ನೇ ನಂಬಿದ್ದ.

ಆಮೇಲೆ, ಕುಡಿದಾಗ ಹೀಗೆ ಕೈಮೀರುವವರ ಬಗ್ಗೆ ಅಧ್ಯಯನ ಮಾಡುವ ವೈದ್ಯರಿಗೆ ರಕ್ತ ಕೊಟ್ಟ. ದೋಷ ಸಿಕ್ಕಿತು: ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅವತ್ತಿನಿಂದ ಕುಡಿದಿಲ್ಲ. ಆದರೆ ಕಾರಣವನ್ನು ನನ್ನೊಬ್ಬಳ ಹೊರತು ಯಾರಿಗೂ ಹೇಳಲಿಲ್ಲ. ಯಾರು ಬಾಟಲಿ ಚಾಚಿದರೂ "ಇವತ್ತು ಗಾಡಿ ಓಡಿಸಬೇಕು" ಎನ್ನುತ್ತಿದ್ದ. ನಮ್ಮ ದೇಶದಲ್ಲಿ ಆ ಒಂದು ಮಾತಿಗೆ ಮರುಪ್ರಶ್ನೆಯಿಲ್ಲ. ಮದುವೆ, ತಿಥಿ, ಏಡಿ ಊಟದ ಕೂಟ, ಎಲ್ಲ ಕಡೆಯಿಂದ ಊರಿನ ಅರ್ಧ ಗಂಡಸರನ್ನು ಇವನೇ ಮನೆ ಮುಟ್ಟಿಸಿದ್ದಾನೆ.

ಅತಿಥಿಗಳು ಬಂದರು. ಅಹ್ತಿ ಮಗಳಿಗೆ ಇನ್ನೂ ಹೇಳಿರಲಿಲ್ಲ.

ವೇಯೊ ಟ್ರೇ ಹಿಡಿದು ಬಂದ. "ತಗೊಳ್ಳೋ ಅಣ್ಣ, ಮಗಳ ಹೆಸರಲ್ಲಿ ಒಂದು ಗುಟುಕು."

"ಇಲ್ಲ ಕಣೋ, ಗಾಡಿ ಓಡಿಸಬೇಕು."

"ಎಲ್ಲಿಗೆ ಮಾರಾಯ? ನಿನ್ನ ಮನೆ ಅಂಗಳದಲ್ಲೇ ನಿಂತಿದ್ದೀಯಲ್ಲ! ಅಡುಗೆಮನೆಯಿಂದ ಸೌನಾಗೆ ಲಾರಿ ಬಿಡ್ತೀಯಾ?"

ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಹೆಲ್ಕಾಳೂ ನಕ್ಕಳು. ಗ್ಲಾಸು ಆಗಲೇ ಅವಳ ತುಟಿಯ ಹತ್ತಿರವಿತ್ತು. ನಾನು ಅಹ್ತಿಯ ಮುಖ ನೋಡಿದೆ.

"ಹೆಲ್ಕಾ, ಒಂದು ನಿಮಿಷ ತಡಿ ಮಗಳೇ" ಎಂದ. ನಮ್ಮ ಮದುವೆಯಲ್ಲೂ ಭಾಷಣ ಮಾಡದವನು ಮೆಟ್ಟಿಲ ಮೇಲೆ ನಿಂತ. ಎಲ್ಲರೂ ಅವನ ಕಡೆ ತಿರುಗಿದರು.

"ಇವತ್ತು ನಾನು ಗಾಡಿ ಓಡಿಸಲ್ಲ. ಎಷ್ಟೋ ಸಲ ಸುಳ್ಳು ಹೇಳಿದ್ದೀನಿ. ಕುಡಿದ್ರೆ ನನಗೆ ಬ್ರೇಕ್ ಹಿಡಿಯಲ್ಲ, ಅಷ್ಟೇ ವಿಷಯ."

"ಅಪ್ಪಾ, ಏನಿದು?"

"ಮಿದುಳಲ್ಲಿ ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇದೆ. ಅದನ್ನ ಹಿಡ್ಕೊಳ್ಳೋ ಗ್ರಾಹಕಗಳು ಅಂತ ಇವೆ. ಅದರಲ್ಲಿ ಒಂದು ಜಾತಿಯದು ನನ್ನಲ್ಲಿ ಅರ್ಧದಷ್ಟೇ ತಯಾರಾಗುತ್ತೆ. ಒಣ ರಸ್ತೇಲಿ ಗೊತ್ತೇ ಆಗಲ್ಲ, ಗಾಡಿ ನೆಟ್ಟಗೆ ಹೋಗುತ್ತೆ. ಹೊಟ್ಟೆಗೆ ಹೆಂಡ ಬಿದ್ರೆ ಮಾತ್ರ ರಸ್ತೆಗೆ ಮಂಜುಗಡ್ಡೆ ಕಟ್ಟಿದ ಹಾಗೆ. ಇದು ಹೆಚ್ಚುಕಮ್ಮಿ ನಮ್ಮ ಫಿನ್ನರಲ್ಲಿ ಮಾತ್ರ ಇರೋದಂತೆ. ನೂರು ಜನರಲ್ಲಿ ಒಬ್ಬಿಬ್ಬರಿಗೆ."

"ನನಗೂ ಇದೆಯಾ?"

"ಗೊತ್ತಿಲ್ಲ ಮಗಳೇ. ಇರಬಹುದು, ಇಲ್ಲದೇನೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ."

  ವೇಯೊ ಟ್ರೇ ಕೆಳಗಿಟ್ಟ.

"ಹಾಗಾದ್ರೆ ನನ್ನ ದೋಣಿ..."

"ಹೂಂ ಕಣೋ."

"ನಿನಗೆ ನನ್ನ ಮೇಲೆ ಮೊದಲಿಂದಲೂ ದ್ವೇಷ ಅಂದ್ಕೊಂಡಿದ್ದೆ. ಆ ಸಿಟ್ಟಲ್ಲೇ ಒಡೆದೆ ಅಂತ."

"ದ್ವೇಷ ಯಾಕೋ? ನೀನು ಮಾಡಿದ ತಮಾಷೆ ಚೆನ್ನಾಗೇ ಇತ್ತು. ಸಾಸೇಜು ಸೀದುಹೋಗಿದ್ದದ್ದು ನಿಜ."

ವೇಯೊ ಮೂಗು ಒರೆಸಿಕೊಂಡ. "ಮೊದಲೇ ಬಾಯಿ ಬಿಡೋದಲ್ವಾ, ಮರದ ದಿಮ್ಮಿ! ಪುಣ್ಯಕ್ಕೆ ನನಗೆ ಕುಡಿದ್ರೆ ಬರೀ ನಿದ್ದೆ ಬರುತ್ತೆ."

"ನಿನ್ನ ಗೊರಕೆಗೆ ಯಾವ ಜೀನು ಕಾರಣ ಅಂತ ಅವರು ಇನ್ನೂ ಹುಡುಕ್ತಾ ಇದ್ದಾರಂತೆ" ಎಂದೆ ನಾನು. ಮತ್ತೆ ನಗು ಎದ್ದಿತು. ಈ ಸಲ ಅಹ್ತಿಯೂ ನಕ್ಕ.

ಹೆಲ್ಕಾ ಗ್ಲಾಸಿನ ಗುಳ್ಳೆಗಳನ್ನು ನೋಡುತ್ತ ನಿಂತಿದ್ದಳು.  ಹದಿನೆಂಟು ತುಂಬಿದವಳು, ಗ್ಲಾಸು ಕಿತ್ತುಕೊಳ್ಳುವ ಹಕ್ಕು ನಮಗಿರಲಿಲ್ಲ. ಅವಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಪರೀಕ್ಷೆ ಮಾಡಿಸೋಕಾಗುತ್ತಾ ಕೇಳ್ತೀನಿ. ಅಲ್ಲಿವರೆಗೆ ರುಬಾರ್ಬ್ ದಂಟಿನ ಜ್ಯೂಸ್ ಕೊಡಿ ಚಿಕ್ಕಪ್ಪ. ನಾನು ಗಾಡಿ ಓಡಿಸಬೇಕು."

"ನಿನ್ನ ಹತ್ತಿರ ಲೈಸೆನ್ಸೇ ಇಲ್ವಲ್ಲೇ!" ಎಂದ ವೇಯೊ.

"ಕಲಿತೀನಿ. ಅಪ್ಪ ಕಲಿಸ್ತಾನೆ. ಆದರೆ ಅಪ್ಪಾ, ಕುವೊಪಿಯೊದಲ್ಲಿ ಯಾರಾದ್ರೂ ಯಾಕೆ ಕುಡಿಯಲ್ಲ ಅಂತ ಕೇಳಿದ್ರೆ ನಾನು ಗಾಡಿ ಕಥೆ ಹೇಳಲ್ಲ. ಇದನ್ನೇ ಹೇಳ್ತೀನಿ."

ಅಹ್ತಿ ತಲೆಯಾಡಿಸಿದ. ಅವಳ ಬಿಳಿ ಟೋಪಿ ನೆಟ್ಟಗೇ ಇದ್ದರೂ ಮತ್ತೊಮ್ಮೆ ಸರಿಮಾಡಿದ. ವೇಯೊ ಎರಡು ಗ್ಲಾಸಿಗೆ ಜ್ಯೂಸ್ ಸುರಿದ, ಸ್ವಲ್ಪ ಯೋಚಿಸಿ ಮೂರನೆಯದಕ್ಕೂ ಸುರಿದುಕೊಂಡ.

"ಸರಿ, ಹಾಗಾದ್ರೆ ಇವತ್ತು ನಮ್ಮನ್ನೆಲ್ಲ ಮನೆಗೆ ಬಿಡೋರ್ಯಾರು?" ಎಂದು ಬೇಲಿಯ ಕಡೆಯಿಂದ ಯಾರೋ ಕೂಗಿದರು.

"ನಾನೇ ಬಿಡ್ತೀನಿ" ಎಂದ ವೇಯೊ. "ನಮ್ಮಣ್ಣಂಗೆ ಇವತ್ತು ರಜೆ."