ಮೂರೂ ಗುಂಡು ಮೇಲೆ

ನಾನು ಉಸಿರಿಗೆ ಕಸರತ್ತು ಮಾಡಿಸುವ ಪ್ಲಾಸ್ಟಿಕ್ ಡಬ್ಬಿ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಬಿದ್ದೆ. ಹೊಟ್ಟೆಯಲ್ಲಿ ಮೂರು ಗುಂಡು, ಪಕ್ಕದಲ್ಲೊಂದು ನಳಿಗೆ. ನಳಿಗೆ ಬಾಯಲ್ಲಿಟ್ಟು ಉಸಿರೆಳೆದರೆ ಗುಂಡುಗಳು ಒಂದೊಂದಾಗಿ ಮೇಲೇರುತ್ತವೆ. ಇಷ್ಟೇ ನನ್ನ ವಿದ್ಯೆ. ಸುಡಲಿ, ಅದೂ ಕೆಟ್ಟದ್ದಕ್ಕೇ ಆಯಿತು.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಗದಗಿನ ರೇಣವ್ವನ ಕೈಗಿತ್ತರು. ಅವಳ ಗಂಡ ತುಳಜಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಅವನ ಶ್ವಾಸಕೋಶದಲ್ಲಿ ಸಣ್ಣ ಕ್ಯಾನ್ಸರ್ ಗಂಟು ಸಿಕ್ಕಿತ್ತು.

"ಬೇಗ ಗೊತ್ತಾಗಿದೆ. ಗಂಟಿರುವ ಚೂರಷ್ಟೇ ತೆಗೆದರೆ ಸಾಕು, ಉಳಿದ ಶ್ವಾಸಕೋಶ ಹಾಗೇ ಇರುತ್ತೆ. ಮತ್ತೆ ಕ್ಲಾರಿನೆಟ್ ಊದಬಹುದು. ತಡ ಮಾತ್ರ ಮಾಡಬೇಡಿ. ಆಪರೇಷನ್ ತನಕ ಇದರಲ್ಲಿ ಉಸಿರೆಳೆಯಲಿ," ಎಂದರು ಡಾಕ್ಟರಮ್ಮ.

ಮೈದುನ ಯಮನಪ್ಪ ಕೈ ಮುಗಿದ. "ಅಣ್ಣಗ ನೀವು ಹೇಳಬ್ಯಾಡ್ರಿ. ಎದಿ ಒಡಕೋತಾನ. ಮನ್ಯಾಗ ನಾವ ಹೇಳತೀವಿ."

ಹೇಳಿದರು, ಬಹಳ ಚೆಂದ ಹೇಳಿದರು! ಹೊರಗೆ ಬೆಂಚಿನ ಮೇಲೆ ಕೂತಿದ್ದ ತುಳಜಪ್ಪ "ಏನಂದ್ರು?" ಎಂದಾಗ ರೇಣವ್ವ, "ಏನಿಲ್ರೀ, ಕಫದ ಗಂಟಂತ. ಸಣ್ಣ ಆಪರೇಷನ್," ಎಂದಳು.

ಮನೆಯಲ್ಲಿ ಬ್ಯಾಂಡಿನ ಗೆಳೆಯರೆದುರು ಅವನು ನನ್ನ ನಳಿಗೆ ಬಾಯಿಗಿಟ್ಟ. ಎಂಥ ಉಸಿರು ಮಾರಾಯರೇ! ಮೂರೂ ಗುಂಡು ಒಮ್ಮೆಲೇ ನನ್ನ ನೆತ್ತಿಗೆ ಬಡಿದವು.

"ನೋಡ್ಲೇ ಯಮನ್ಯಾ, ಮೂರೂ ಮ್ಯಾಲ! ಇಂಥಾ ಎದಿಗೆ ಆಪರೇಷನ್ನಾ? ಕಫ ಕಷಾಯಕ್ಕ ಕರಗತೈತಿ. ಮದುವಿ ಸೀಜನ್ ಮುಗೀಲಿ, ಆಮ್ಯಾಲ ನೋಡೂಣು."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ರೇಣವ್ವ ಕಷಾಯಕ್ಕೆ ನೀರಿಡಲು ಒಳಗೆ ಹೋದಳು. ಯಮನಪ್ಪ ಅವಳ ಹಿಂದೆಯೇ ಎದ್ದು ಹೋದ. ನನಗೋ ಉಸಿರಿನ ಜೋರು ಗೊತ್ತು, ಒಳಗಿನ ಗಂಟು ಕಾಣುವುದಿಲ್ಲ. ಗುಂಡುಗಳನ್ನು ಹಿಡಿದು ಕೆಳಗಿಡಲು ನನಗೆ ಕೈಯಾದರೂ ಎಲ್ಲಿದೆ?

ಸೀಜನ್ ಪೂರ್ತಿ ಊದಿದ. ಕೊನೆಯ ಮದುವೆಗಳಲ್ಲಿ ಕೆಮ್ಮುತ್ತಾ ಊದಿದ. ಕೆಮ್ಮಿನಲ್ಲಿ ರಕ್ತ ಬಂದ ಮೇಲೆ ತಾನೇ ಡಾಕ್ಟರಮ್ಮನ ಮುಂದೆ ಹೋಗಿ ಕೂತ. ಹೊಸ ಸ್ಕ್ಯಾನ್ ಆಯಿತು. ಕ್ಯಾನ್ಸರ್ ಎಲ್ಲ ಕಡೆ ಹರಡಿದೆ, ಇನ್ನು ಕೊಯ್ದು ಫಲವಿಲ್ಲ ಎಂದು ಈ ಸಲ ಅವನಿಗೇ ನೇರವಾಗಿ ಹೇಳಿದರು.

ಮನೆಗೆ ಬಂದವನು ಕೂಗಾಡಲಿಲ್ಲ. "ಕಫ ಅಂತ ಅಂದಿದ್ದಿ ಅಲ್ಲ?" ಎಂದು ಹೆಂಡತಿಯನ್ನು ಕೇಳಿದ.

"ನೀವು ಅಂಜತೀರಿ ಅಂತ..."

"ಅಂಜತಿದ್ನಿ. ಅಂಜಿಕೊಂತ ಹೋಗಿ ಆಪರೇಷನ್ ಟೇಬಲ್ ಮ್ಯಾಲ ಮಕ್ಕೋತಿದ್ನಿ."

ರೇಣವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ತುಳಜಪ್ಪ ಈಗಿಲ್ಲ. ನನ್ನನ್ನು ಅಟ್ಟಕ್ಕೆ ಎಸೆದಿದ್ದಾರೆ, ಮೈಮೇಲೆಲ್ಲ ಧೂಳು. ಪ್ರೀತಿಯಿಂದ ರೋಗ ಮುಚ್ಚಿಟ್ಟರಂತೆ! ಆ ಪ್ರೀತಿಗಿಷ್ಟು ಬೆಂಕಿ ಹಾಕ. ಅವನೆದೆಯಲ್ಲಿ ಏನಿದೆಯೆಂದು ಅವನೊಬ್ಬನನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು.