ಮಷೀನಿಗೆ ಅಡ್ಡ ನಿಂತವಳು

"ಹಾಲಿನ ಕ್ಯಾನಿನ್ಯಾಗ ರಕ್ತಾ ಉಗಳ್ತೀ ಏನಲೇ ಸೂಳೇಮಗನ? ಹೊರಗ ಬೀಳ್!"

ಅಲಖನೂರಿನ ತಾತ್ಯಾಸಾಹೇಬ ಚಪ್ಪಲಿಗಾಲಿನಿಂದಲೇ ಒದ್ದ. ಜಕ್ಕಪ್ಪ ಸಗಣಿಯ ಮೇಲೆ ಬಿದ್ದ. ಅವನು ಉಗುಳಿರಲಿಲ್ಲ, ವಸಡಿನಿಂದ ರಕ್ತ ತಾನಾಗಿಯೇ ತೊಟ್ಟಿಕ್ಕುತ್ತಿತ್ತು. ಸಾಹೇಬನ ಜರ್ಸಿ ಆಕಳುಗಳ ಮೈಯಿಂದ ಉಣ್ಣಿ ಕಿತ್ತು, ಉಗುರಿನಲ್ಲಿ ಹಿಸುಕಿ ಒಗೆಯುವುದು ಹನ್ನೊಂದು ವರ್ಷದಿಂದ ಅವನ ಕೆಲಸ. ನಾಲ್ಕು ದಿನದಿಂದ ಜ್ವರ. ಹೆಂಡತಿ ಸತ್ತೆವ್ವ ಸಗಣಿಬುಟ್ಟಿ ಕುಕ್ಕಿ ಓಡಿ ಬಂದಳು.

"ಜೀಪ ಕೊಡ್ರಿ ಸಾಹೇಬ್ರ, ದವಾಖಾನಿಗೆ ಒಯ್ತೀನಿ."

"ನಿನ್ನ ಗಂಡನ ಹೊಲಸ ನನ್ನ ಸೀಟಿಗೆ ಬಡೀಲೇನ? ಮಾರಿ ಬಡದೈತಿ ಅವಂಗ. ಕೇರಿಗೆ ಎಳ್ಕೊಂಡ ಹೋಗ್."

ಸತ್ತೆವ್ವ ಕೇರಿಗೆ ಹೋಗಲಿಲ್ಲ. ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿಗೆ ಅಡ್ಡ ನಿಂತು, ಗಂಡನನ್ನು ಕಬ್ಬಿನ ಮೇಲೆ ಮಲಗಿಸಿಕೊಂಡು ಗಡಿಯಾಚೆಯ ದೊಡ್ಡ ದವಾಖಾನೆ ಮುಟ್ಟಿದಳು.

"ಉಣ್ಣಿಯಿಂದ ಬಂದ ಜ್ವರ," ಎಂದಳು ಡಾಕ್ಟರಬಾಯಿ. "ಕಿಡ್ನಿ ನಿಂತಾವು. ರಕ್ತ ಹೊರಗ ತಗದು, ಮಷೀನಿನ್ಯಾಗ ಸೋಸಿ, ತಿರುಗಿ ಬಿಡ್ತೀವಿ. ಉಳದರ ಉಳೀತಾನ. ಅಂವನ ರಕ್ತಾ ಮುಟ್ಟಬ್ಯಾಡವಾ, ನಿನಗೂ ಬರ್ತೈತಿ."

"ಮೂರ ದಿನದಿಂದ ಒರಸಾಕತ್ತೀನ್ರಿ."

ರಕ್ತ ನಳಿಕೆಯಲ್ಲಿ ಹೊರಗೆ ಹೋಗಿ ತಿರುಗಿ ಒಳಗೆ ಬರುತ್ತಿತ್ತು. ತನ್ನ ಗಂಡನ ರಕ್ತವನ್ನು ಯಾರೋ ಇಷ್ಟು ಜತನ ಮಾಡುವುದು ಸತ್ತೆವ್ವನಿಗೆ ನಂಬಲಾಗಲಿಲ್ಲ. ಮಧ್ಯಾಹ್ನ ಜಕ್ಕಪ್ಪ ಕಣ್ಣು ಬಿಟ್ಟು "ನೀರ" ಎಂದ.

ಆಗಲೇ ಜೀಪು ಬಂತು. ಸಾಹೇಬನ ತಮ್ಮ ಬಾಳಾಸಾಬನಿಗೆ ಬೆಳಗಿನಿಂದ ಮೈ ಬಿಸಿ. ಎಲೆ ಅಡಿಕೆ ಜಗಿಯುತ್ತ ತಾನೇ ನಡೆದು ಬಂದ.

"ಇದೊಂದ ಮಷೀನ ಐತೇನ್ರಿ? ಅಂವನ್ನ ಇಳಸ್ರಿ, ನನ್ನ ತಮ್ಮಗ ಹಚ್ರಿ," ಎಂದ ತಾತ್ಯಾಸಾಹೇಬ.

ಡಾಕ್ಟರಬಾಯಿ ತಲೆ ಅಲ್ಲಾಡಿಸಿದಳು. "ನಿಮ್ಮ ತಮ್ಮಗ ಬರೀ ಜ್ವರ ಐತ್ರಿ, ಈಗ ಮಷೀನ ಬ್ಯಾಡ. ನಡುವ ತಗದ್ರ ಅಂವ ಸಾಯ್ತಾನ."

"ಸಾಯ್ಲಿ. ಉಣ್ಣಿ ಕೀಳಾವ್ರು ಹತ್ತ ಮಂದಿ ಸಿಗ್ತಾರ."

ದವಾಖಾನೆಯ ಮ್ಯಾನೇಜರ ಸಾಹೇಬನ ಗೆಳೆಯ. ನಳಿಕೆ ತೆಗೆಯಲು ವಾರ್ಡ್‌ಬಾಯ್‌ಗೆ ಸನ್ನೆ ಮಾಡಿದ.

ಸತ್ತೆವ್ವ ಎದ್ದಳು. ಗಂಡನ ಬಾಯಿ ಒರೆಸಿ ಒರೆಸಿ ಸೆರಗು ತೊಯ್ದಿತ್ತು. ಅದನ್ನು ಎರಡೂ ಕೈಗೆ ಸುತ್ತಿಕೊಂಡು ಮಷೀನಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಹಸೀ ರಕ್ತಾ ಐತಿ. ಮುಟ್ಟಿದವ್ರಿಗೆ ಬರ್ತೈತಂತ. ಬಾರಲೇ ಭಾಡ್ಯಾ, ನನ್ನ ದಬ್ಬಿ ಒಳಗ ಹೋಗ್!"

ವಾರ್ಡ್‌ಬಾಯ್ ಗೋಡೆಗೆ ಅಂಟಿಕೊಂಡ. ತಾತ್ಯಾಸಾಹೇಬ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಆಕೆ ಒಂದು ಹೆಜ್ಜೆ ಮುಂದಿಟ್ಟಳು. ಅವನು ತಮ್ಮನಿಗೆ ಡಿಕ್ಕಿ ಹೊಡೆದು ಹಿಂದೆ ಸರಿದ.

ಬೆನ್ನ ಹಿಂದೆ ಮಷೀನು ತಿರುಗುತ್ತಲೇ ಇತ್ತು. ರಕ್ತ ಸೋಸಿ ಮುಗಿಯುವತನಕ ಇನ್ನೂ ಎರಡು ತಾಸು ನಿಲ್ಲಬೇಕು. ತನ್ನ ಹಣೆಯೂ ಬೆಳಗಿನಿಂದ ಸುಡುತ್ತಿರುವುದನ್ನು ಸತ್ತೆವ್ವ ಯಾರಿಗೂ ಹೇಳಿರಲಿಲ್ಲ.