ನಾಲ್ಕನೇ ಯಂತ್ರ ನಿಂತದ್ದು

ನೂಲಿನ ಗಿರಣಿಯ ಎಲೆಕ್ಟ್ರಿಷಿಯನ್‌ಗೆ ತಲೆ ಚಿಟ್ಟು ಹಿಡಿದಿತ್ತು. ಹಗಲಲ್ಲಿ ಮೂರು ನಾಲ್ಕು ಸಲ, ರೆಪ್ಪೆ ಬಡಿಯುವಷ್ಟು ಹೊತ್ತು ಕರೆಂಟು ಹೋಗಿ ಬರುತ್ತಿತ್ತು. ಅಷ್ಟಕ್ಕೇ ಮೋಟಾರು ನಿಂತರೆ ಯಂತ್ರದ ನಾನೂರು ಎಳೆಗಳೂ ಪಟಪಟನೆ ಕಡಿದುಹೋಗುತ್ತಿದ್ದವು. ಅವನ್ನು ಕೂಡಿಸುವುದರಲ್ಲೇ ದಿನದ ಅರ್ಧ ಮುಗಿಯುತ್ತಿತ್ತು.

ಅದಕ್ಕೆಂದೇ ಅವಳು, ಮೋಟಾರುಗಳನ್ನು ಓಡಿಸುವ ಡ್ರೈವ್‌ಗಳನ್ನು ಹೊಸದಾಗಿ ಹೊಂದಿಸಿದ್ದಳು. ಕರೆಂಟು ಹೋದ ಗಳಿಗೆ, ಇನ್ನೂ ತಿರುಗುತ್ತಿರುವ ಮೋಟಾರಿನಿಂದಲೇ ಡ್ರೈವ್ ಒಂದಿಷ್ಟು ಶಕ್ತಿ ಎಳೆದುಕೊಂಡು ಜೀವ ಹಿಡಿದುಕೊಳ್ಳಬೇಕು. ಕರೆಂಟು ಬಂದೊಡನೆ ಓಟ ಮುಂದುವರಿಸಬೇಕು. ಮೂರು ಯಂತ್ರಗಳು ಹೇಳಿದ ಮಾತು ಕೇಳಿದವು. ಎಲ್ಲಕ್ಕಿಂತ ಹಳೆಯದಾದ ನಾಲ್ಕನೆಯದು ಮಾತ್ರ ಪ್ರತಿ ಸಲವೂ ನಿಂತೇಬಿಡುತ್ತಿತ್ತು.

ಡ್ರೈವ್‌ನ ಪರದೆಯಲ್ಲಿ ದೋಷದ ಸುಳಿವೇ ಇರಲಿಲ್ಲ. 'ನಿಲ್ಲಿಸಲು ಆದೇಶ ಬಂದಿದೆ' ಎಂದಷ್ಟೇ ದಾಖಲಾಗಿತ್ತು. ಆದೇಶ ಕೊಟ್ಟವರು ಯಾರು? ನಿಲ್ಲಿಸುವ ಕೆಂಪು ಗುಂಡಿ ಇದ್ದದ್ದು ಯಂತ್ರ ನಡೆಸುವವನ ಮೊಣಕೈ ಪಕ್ಕದಲ್ಲಿ. ನಡೆಸುವವನು ಅವಳ ಸ್ವಂತ ಚಿಕ್ಕಪ್ಪ.

"ಚಿಕ್ಕಪ್ಪ, ದೀಪ ಮಿಣುಕಿದಾಗ ನೀವೇನಾದ್ರೂ ಗುಂಡಿ ಒತ್ತಿದ್ರಾ?"

"ನಾನ್ಯಾಕೆ ಒತ್ತಲಿ? ಎಳೆ ಕಡಿದ್ರೆ ಕೂಡಿಸೋನು ನಾನೇ ತಾನೆ?"

ಮಾತು ಸರಿಯೇ. ಆದರೆ ಸುಳ್ಳು ಹೇಳಿ ಡ್ರೈವ್‌ಗೆ ಆಗಬೇಕಾದದ್ದಾದರೂ ಏನು? ಅವಳು ತಂತಿ ಬದಲಿಸಿದಳು, ಡ್ರೈವ್‌ನ ಹೊಂದಾಣಿಕೆಗಳನ್ನು ತಿದ್ದಿದಳು. ಮರುದಿನ ಯಂತ್ರ ಮತ್ತೆರಡು ಸಲ ನಿಂತಿತು.

ಆಗ ಚಿಕ್ಕಪ್ಪನೇ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ನಾನೇ ಒತ್ತಿರ್ಬೇಕು ಕಣಮ್ಮ. ಗಾಬರೀಲಿ ಕೈ ತಾನಾಗೇ ಹೋಗಿರುತ್ತೆ. ಯೋಚಿಸ್ತಾ ಹೋದ್ರೆ, ಬೆರಳಿಗೆ ಗುಂಡಿ ತಣ್ಣಗೆ ತಾಗಿದ್ದೂ ನೆನಪಾಗ್ತಿದೆ."

ಅವಳಿಗೆ ಸಮಾಧಾನವಾಗಬೇಕಿತ್ತು, ಗೊಂದಲ ಇನ್ನಷ್ಟು ಗಂಟಾಯಿತು. ಮೂವತ್ತು ವರ್ಷ ಅದೇ ಯಂತ್ರದ ಮುಂದೆ ನಿಂತವನಿಗೆ ಈಗ ಗಾಬರಿಯೇ? ಅಲ್ಲೇ ನಿಂತು ಕೇಳಿಸಿಕೊಂಡ ಪಾಳಿಯ ಮೇಸ್ತ್ರಿಯೋ ತಡಮಾಡಲಿಲ್ಲ. "ಒಪ್ಕೊಂಡ್ರಲ್ಲ, ಸಾಕು. ನಾಳೆಯಿಂದ ಅವರು ನೂಲಿನ ಮೂಟೆ ಕಟ್ಟೋ ಕಡೆ ಹೋಗ್ಲಿ," ಎಂದ.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ಅವಳು ಎಳೆ ಹಾಕದೆ ಯಂತ್ರವನ್ನು ಖಾಲಿ ಓಡಿಸಿ, ಅದರ ಮುಖ್ಯ ಸ್ವಿಚ್ಚನ್ನು ಆರಿಸಿ ತಟ್ಟನೆ ಹಾಕಿದಳು. ಗುಂಡಿಯ ಹತ್ತಿರ ನರಪಿಳ್ಳೆ ಇಲ್ಲ, ಆದರೂ ಯಂತ್ರ ನಿಂತಿತು. ಯಂತ್ರದ ಪಕ್ಕದ ಸ್ವಿಚ್ಚುಗಳ ಪೆಟ್ಟಿಗೆಯೊಳಗೆ ಏನೋ 'ಟಿಕ್' ಎಂದಿತು. ಮತ್ತೊಮ್ಮೆ ಓಡಿಸಿ, ಆರಿಸಿ ಹಾಕಿದಳು. ಮತ್ತೆ 'ಟಿಕ್'.

ಬೆಂಕಿಪೊಟ್ಟಣದಷ್ಟಿದ್ದ ಹಳೆಯ ರಿಲೇ ಅದು, ಕರೆಂಟು ಇರುವಷ್ಟು ಹೊತ್ತು ಮಾತ್ರ ಕಚ್ಚಿಕೊಂಡಿರುವ ಸ್ವಿಚ್ಚು. ಅದು ಕಚ್ಚಿ ಹಿಡಿದಿರುವವರೆಗೆ ಮಾತ್ರ 'ಓಡು' ಎಂಬ ಆದೇಶ ಡ್ರೈವ್‌ಗೆ ತಲುಪುತ್ತಿತ್ತು. ಕರೆಂಟು ಮಿಣುಕಿದರೆ ಡ್ರೈವ್ ತಾಳಿಕೊಳ್ಳುತ್ತಿತ್ತು, ರಿಲೇ ಕೈಬಿಡುತ್ತಿತ್ತು. ಯಾರೋ ನಿಲ್ಲಿಸು ಅಂದರೆಂದುಕೊಂಡು ಡ್ರೈವ್ ವಿಧೇಯವಾಗಿ ನಿಲ್ಲಿಸುತ್ತಿತ್ತು. ಹೊಸ ಯಂತ್ರಗಳಲ್ಲಿ ಇಂಥ ರಿಲೇಯೇ ಇರಲಿಲ್ಲ.

ಅವಳು ರಿಲೇಗೆ ಬ್ಯಾಟರಿ ಇರುವ ಯುಪಿಎಸ್‌ನಿಂದ ಕರೆಂಟು ಕೊಟ್ಟಳು. ಕೆಂಪು ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತದೆಂದು ಎರಡು ಸಲ ನೋಡಿಕೊಂಡು, ಮೇಸ್ತ್ರಿಗೆ ಎಲ್ಲ ಬಿಡಿಸಿ ಹೇಳಿದಳು. ಮಧ್ಯಾಹ್ನ ದೀಪಗಳು ಮಿಣುಕಿದವು. ನಾಲ್ಕೂ ಯಂತ್ರಗಳು ಓಡುತ್ತಲೇ ಇದ್ದವು.

"ನೀವು ಒತ್ತೇ ಇಲ್ಲ ಚಿಕ್ಕಪ್ಪ. ನಿಮ್ಮನ್ನ ಅನುಮಾನಿಸಿದ್ದು ನನ್ನ ತಪ್ಪು."

"ತಪ್ಪು ಹಾಗಿರ್ಲಿ ಬಿಡು," ಎಂದ ಚಿಕ್ಕಪ್ಪ, ಹುಬ್ಬು ಗಂಟಿಕ್ಕಿ. "ಒತ್ತಿದ ನೆನಪಿದೆಯಲ್ಲೇ ನಂಗೆ! ಅದೆಲ್ಲಿಂದ ಬಂತು?"

ಅಷ್ಟರಲ್ಲಿ ಮೂಲೆಯಲ್ಲೊಂದು ಎಳೆ ಕಡಿಯಿತು. ಚಿಕ್ಕಪ್ಪ ಕೂಡಿಸಲು ಹೋದ.